ಕಂದಿದ ಚರ್ಮವು ಮಾಯುವ ಬಗೆ

ಬಾಗಿಲಿನ ಅಂಚಿಗೆ ಮೊಣಕೈ ತಗುಲಿದಾಗ, ಆಟದ ಬಯಲಿನಲ್ಲಿ ಚೆಂಡು ತೊಡೆಗೆ ಬಡಿದಾಗ, ಚರ್ಮ ಹರಿಯದೆಯೇ ಒಳಗೆ ಪೆಟ್ಟಾಗುವುದುಂಟು. ಇಂಥ ಪೆಟ್ಟಿಗೆ ಕನ್ನಡದಲ್ಲಿ ಮೂಗೇಟು ಎಂಬ ಅರ್ಥವತ್ತಾದ ಹೆಸರಿದೆ. ಹೊರಗೆ ರಕ್ತ ಸುರಿಸಿ ತನ್ನನ್ನು ತೋರಿಸಿಕೊಳ್ಳದ ಮೂಕ ಏಟು ಅದು. ಆದರೆ ಮರುದಿನ ನೋಡಿದರೆ ಆ ಜಾಗವು ನೀಲಿಗಟ್ಟಿರುತ್ತದೆ. ಕೆಲವು ದಿನಗಳಲ್ಲಿ ಹಸಿರಾಗಿ, ಹಳದಿಯಾಗಿ, ಕೊನೆಗೆ ಏನೂ ನಡೆದೇ ಇಲ್ಲವೆಂಬಂತೆ ಮೊದಲಿನ ಬಣ್ಣಕ್ಕೆ ಮರಳುತ್ತದೆ. ರಕ್ತವು ಕೆಂಪಾಗಿರುವಾಗ ಕಲೆಯು ನೀಲಿಯಾಗಿ ಕಾಣುವುದೇಕೆ? ನೀಲಿಯು ಹಸಿರಾಗುವುದು ಹೇಗೆ? ಪ್ರತಿಯೊಬ್ಬರೂ ಕಂಡಿರುವ, ಆದರೆ ಬಹುಮಂದಿ ಕೇಳದಿರುವ ಪ್ರಶ್ನೆಗಳಿವು.

ಇದೇ ಘಟನೆಯು ಶಸ್ತ್ರಕ್ರಿಯೆಗೆ ಒಳಗಾದವರ ಮೈಮೇಲೆ ಹೆಚ್ಚಿನ ಪ್ರಮಾಣದಲ್ಲಿ ನಡೆಯುತ್ತದೆ. ಸ್ತನದ ಗಾತ್ರವನ್ನಾಗಲಿ ಆಕಾರವನ್ನಾಗಲಿ ಮಾರ್ಪಡಿಸುವ ಸುರೂಪ ಶಸ್ತ್ರಕ್ರಿಯೆಗಳು ಇಂದು ಬೆಂಗಳೂರಿನಂಥ ನಗರಗಳಲ್ಲಿ ಅಪರೂಪವಲ್ಲ. ಅತಿ ಭಾರದಿಂದ ಬೆನ್ನು ಕುತ್ತಿಗೆಗಳ ನೋವಿಗೆ ಈಡಾದವರು ಗಾತ್ರವನ್ನು ತಗ್ಗಿಸಿಕೊಳ್ಳುತ್ತಾರೆ. ಅರ್ಬುದ ರೋಗದಿಂದ ಸ್ತನವನ್ನು ಕಳೆದುಕೊಂಡವರು ಪುನಃ ಅದರ ರೂಪವನ್ನು ಪಡೆಯುತ್ತಾರೆ. ಕೇವಲ ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವವರೂ ಇದ್ದಾರೆ. ಎದೆಯು ಉಬ್ಬಿದ ಕೆಲವು ಗಂಡಸರಿಗೂ ಇಂಥ ಚಿಕಿತ್ಸೆ ನಡೆಯುತ್ತದೆ. (ಹದಿಹರೆಯದ ಹುಡುಗರಲ್ಲಿ ಕಾಣುವ ಈ ಉಬ್ಬು ಬಹುಮಟ್ಟಿಗೆ ಎರಡು ವರ್ಷಗಳೊಳಗೆ ತಾನಾಗಿಯೇ ಇಳಿಯುವುದರಿಂದ ಅದಕ್ಕಾಗಿ ಆತುರಪಡಬೇಕಾದುದಿಲ್ಲ.) ಇವರಲ್ಲಿ ಬಹುಮಂದಿ ಒಂದೆರಡು ದಿನಗಳಲ್ಲಿ ಆಸ್ಪತ್ರೆಯಿಂದ ಮನೆಗೆ ಮರಳುತ್ತಾರೆ. ಮಾಯುವ ಕಾರ್ಯವೆಲ್ಲ ಮನೆಯಲ್ಲಿ ನಡೆಯುತ್ತದೆ. ಪಾವಗಡ ತಾಲ್ಲೂಕಿನ ವಳ್ಳೂರಿನಂಥ ಊರಿನವರಾದರೆ ಅವರಿಗೂ ಬೆಂಗಳೂರಿನ ಶಸ್ತ್ರವೈದ್ಯರಿಗೂ ನಡುವೆ ನೂರೈವತ್ತು ಕಿಲೋಮೀಟರಿಗೂ ಮೀರಿದ ಹಾದಿಯಿದೆ. ಮೂರನೆಯ ದಿನ ಎದೆಯಿಂದ ಹೊಟ್ಟೆಯವರೆಗೆ ಹಬ್ಬಿದ ಕಪ್ಪು ನೀಲಿಯ ಕಲೆಯನ್ನು ಕಂಡು ಮನೆಯವರು ದಿಗಿಲುಗೊಳ್ಳುವುದು ಸಹಜ. ಅದು ಭಯಪಡಬೇಕಾದ ಲಕ್ಷಣವೋ ಅಲ್ಲವೋ ಎಂಬುದನ್ನು ಅರಿಯಬೇಕಾದರೆ ಚರ್ಮದ ಕೆಳಗೆ ನಡೆಯುವುದೇನೆಂಬುದನ್ನು ತಿಳಿದಿರಬೇಕು.

ಒಂದು ಚಮಚಕ್ಕಿಂತ ಕಡಮೆ ರಕ್ತ

ಸ್ತನವು ಮುಖ್ಯವಾಗಿ ಕೊಬ್ಬು, ಹಾಲಿನ ಗ್ರಂಥಿಗಳು ಮತ್ತು ಅವುಗಳನ್ನು ಹಿಡಿದು ನಿಲ್ಲಿಸಿರುವ ನಾರುಗಳಿಂದ ಆದುದು. ಇವುಗಳ ನಡುವೆ ಹೇರಳವಾಗಿ ರಕ್ತನಾಳಗಳು ಹೆಣೆದುಕೊಂಡಿವೆ. ಶಸ್ತ್ರವೈದ್ಯನು ದೊಡ್ಡ ನಾಳಗಳನ್ನು ಕಟ್ಟಿ ಅಥವಾ ವಿದ್ಯುತ್ತಿನ ಶಾಖದಿಂದ ಮುಚ್ಚಿ ರಕ್ತಸ್ರಾವವನ್ನು ತಡೆಯುತ್ತಾನೆ. ಆದರೆ ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳನ್ನು ಒಂದೊಂದಾಗಿ ಮುಚ್ಚುವುದು ಯಾರಿಂದಲೂ ಸಾಧ್ಯವಿಲ್ಲ. ಅವು ಹರಿದಾಗ ರಕ್ತವು ಸುತ್ತಲಿನ ಸಡಿಲವಾದ ಕೊಬ್ಬಿನೊಳಗೆ ಜಿನುಗುತ್ತದೆ. ಕೆಲವೇ ನಿಮಿಷಗಳಲ್ಲಿ ರಕ್ತದ ಕಿರುತಟ್ಟೆಗಳು ಹರಿದ ಬಾಯಿಗೆ ಅಂಟಿಕೊಂಡು, ಫೈಬ್ರಿನ್ ಎಂಬ ನಾರು ಅವುಗಳ ಮೇಲೆ ಬಲೆ ಹೆಣೆದು, ಸೋರಿಕೆ ನಿಲ್ಲುತ್ತದೆ. ಅಷ್ಟರೊಳಗೆ ಹೊರಗೆ ಬಂದ ರಕ್ತವು ಅಲ್ಲಿಯೇ ಉಳಿಯುತ್ತದೆ.

ಕಲೆಯ ಹರಹನ್ನು ನೋಡಿ ಬಹಳ ರಕ್ತ ಹೋಗಿದೆಯೆಂದು ಭಾವಿಸಬಾರದು. ಒಂದು ಸರಳ ಲೆಕ್ಕವನ್ನು ಮಾಡೋಣ. ೧ ಘನ ಸೆಂಟಿಮೀಟರ್ ರಕ್ತವು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪದ ಪದರವಾಗಿ ಹರಡಿದರೆ ಅದು ಮುಚ್ಚುವ ವಿಸ್ತೀರ್ಣವು ೧೦೦ ಚದರ ಸೆಂಟಿಮೀಟರ್. ಎಂದರೆ ಹೆಚ್ಚುಕಡಮೆ ಒಂದು ಅಂಗೈಯಷ್ಟು. ಟೀ ಚಮಚಕ್ಕಿಂತ ಬಹಳ ಕಡಮೆ ರಕ್ತವು ಅಂಗೈಯಗಲದ ಕಲೆಯನ್ನು ಉಂಟುಮಾಡಬಲ್ಲುದು. ದೊಡ್ಡವರ ಮೈಯಲ್ಲಿ ಸುಮಾರು ೫ ಲೀಟರ್ ರಕ್ತವಿರುವುದನ್ನು ನೆನೆದರೆ ಇದು ತೀರ ಅಲ್ಪ. ಕಲೆಯ ಅಗಲಕ್ಕಿಂತ ಅದರ ಕೆಳಗಿನ ಉಬ್ಬು ಮುಖ್ಯವೆಂಬ ಪಾಠವೂ ಈ ಲೆಕ್ಕದಿಂದಲೇ ದೊರೆಯುತ್ತದೆ. ತೆಳುವಾಗಿ ಹರಡಿದ ರಕ್ತವು ನಿರಪಾಯಕರ. ಒಂದೇ ಕಡೆ ಗಡ್ಡೆಯಾಗಿ ಸೇರುತ್ತಿರುವ ರಕ್ತವು ಅಪಾಯಕರ. ಈ ಭೇದಕ್ಕೆ ಮುಂದೆ ಪುನಃ ಬರೋಣ.

ಕೆಂಪು ನೀಲಿಯಾಗುವ ಬಗೆ

ಕತ್ತಲೆಯ ಕೋಣೆಯಲ್ಲಿ ಟಾರ್ಚಿನ ಬಾಯಿಯ ಮೇಲೆ ಬೆರಳನ್ನಿಟ್ಟು ದೀಪ ಹಚ್ಚಿರಿ. ಬೆರಳು ಕೆಂಡದಂತೆ ಕೆಂಪಾಗಿ ಹೊಳೆಯುತ್ತದೆ. ಟಾರ್ಚಿನ ಬಿಳಿಯ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇದ್ದರೂ ಬೆರಳನ್ನು ದಾಟಿ ಬಂದುದು ಕೆಂಪು ಮಾತ್ರ. ಈ ಚಿಕ್ಕ ಪ್ರಯೋಗದಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಸುಮಾರು ೪೫೦ ನ್ಯಾನೋಮೀಟರ್ ತರಂಗದೂರದ ನೀಲಿಯ ಬೆಳಕು ಚರ್ಮದೊಳಗೆ ಒಂದು ಮಿಲಿಮೀಟರಿನಷ್ಟೂ ಇಳಿಯಲಾರದು. ೬೫೦ ನ್ಯಾನೋಮೀಟರಿಗೂ ಮೇಲ್ಪಟ್ಟ ಕೆಂಪು ಹಲವು ಮಿಲಿಮೀಟರ್ ಆಳಕ್ಕೆ ಹೋಗಬಲ್ಲುದು. (ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲು.)

ಈಗ ಚರ್ಮದ ಎರಡು ಮಿಲಿಮೀಟರ್ ಕೆಳಗೆ ರಕ್ತವು ಸೇರಿದೆಯೆಂದು ಭಾವಿಸೋಣ. ಮೇಲೆ ಬಿದ್ದ ನೀಲಿಯ ಬೆಳಕು ಅಲ್ಲಿಗೆ ತಲಪುವುದೇ ಇಲ್ಲ. ಚರ್ಮದ ನಾರುಗಳಿಂದ ಚದುರಿ ಅದರಲ್ಲಿ ಒಂದು ಪಾಲು ಹಿಂದಕ್ಕೆ ಬರುತ್ತದೆ. ಕೆಳಗೆ ರಕ್ತವಿರಲಿ ಇಲ್ಲದಿರಲಿ ಅದರ ಪ್ರಮಾಣ ಹೆಚ್ಚಾಗಿ ಬದಲಾಗುವುದಿಲ್ಲ. ಕೆಂಪು ಬೆಳಕಾದರೋ ಕೆಳಗಿಳಿದು ರಕ್ತವನ್ನು ಸಂಧಿಸಿ, ಅಲ್ಲಿ ಸ್ವಲ್ಪ ಮಟ್ಟಿಗೆ ಹೀರಲ್ಪಡುತ್ತದೆ. ನಾಳದಿಂದ ಹೊರಬಿದ್ದ ರಕ್ತವು ತನ್ನ ಆಮ್ಲಜನಕವನ್ನು ಕಳೆದುಕೊಂಡು ಕಪ್ಪಾಗುವುದರಿಂದ ಈ ಹೀರಿಕೆಯು ಇನ್ನೂ ಹೆಚ್ಚು. ಹೀಗಾಗಿ ಆ ಜಾಗದಿಂದ ಕಣ್ಣಿಗೆ ಮರಳುವ ಬೆಳಕಿನಲ್ಲಿ ಸುತ್ತಲಿನ ಚರ್ಮದಲ್ಲಿರುವುದಕ್ಕಿಂತ ಕೆಂಪು ಕಡಮೆ. ಉಪಕರಣದಿಂದ ಅಳೆದು ನೋಡಿದರೆ ನೀಲಿಯಾಗಿ ಕಾಣುವ ಸಿರೆಯ ಮೇಲೂ ನೀಲಿಗಿಂತ ಕೆಂಪು ಬೆಳಕೇ ಹೆಚ್ಚಾಗಿ ಹಿಂದಿರುಗುತ್ತಿರುತ್ತದೆ! ಆದರೆ ಕಣ್ಣು ಮಾಪನ ಮಾಡುವುದಿಲ್ಲ, ಹೋಲಿಸಿ ನೋಡುತ್ತದೆ. ನೆರೆಯ ಚರ್ಮಕ್ಕಿಂತ ಕೆಂಪು ಕಡಮೆಯಾದುದನ್ನು ಅದು ನೀಲಿಯೆಂದು ಗ್ರಹಿಸುತ್ತದೆ.

ಒಂದು ವಸ್ತುವಿನ ಬಣ್ಣವೆಂದರೆ ಅದು ನುಂಗದೆ ನಮಗೆ ಹಿಂದಿರುಗಿಸಿದ ಬೆಳಕು ಎಂಬ ಈ ತತ್ತ್ವಕ್ಕೆ ವಳ್ಳೂರಿನಲ್ಲಿಯೇ ಒಂದು ಭವ್ಯವಾದ ಉದಾಹರಣೆಯಿದೆ. ಪಾವಗಡದ ಸೌರ ವಿದ್ಯುತ್ ಉದ್ಯಾನವು ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳ ಸುಮಾರು ೧೩,೦೦೦ ಎಕರೆ ಭೂಮಿಯ ಮೇಲೆ ಹರಡಿದೆ. ೨೦೧೮ರಲ್ಲಿ ಉದ್ಘಾಟನೆಗೊಂಡ ಅದರ ಸಾಮರ್ಥ್ಯ ೨,೦೫೦ ಮೆಗಾವಾಟ್. ಅಲ್ಲಿ ಸಾಲುಗಟ್ಟಿ ನಿಂತಿರುವಂಥ ಸಿಲಿಕಾನ್ ಫಲಕಗಳಲ್ಲಿ ಹಲವು ನೀಲಿಯಾಗಿ ಕಾಣುತ್ತವೆ. ಸಿಲಿಕಾನಿಗೆ ನೀಲಿಯ ಬಣ್ಣವಿಲ್ಲ. ಬಿದ್ದ ಬಿಸಿಲು ವ್ಯರ್ಥವಾಗಿ ಪ್ರತಿಫಲಿಸದಂತೆ ಫಲಕಕ್ಕೆ ಒಂದು ಅತಿ ತೆಳುವಾದ ಲೇಪನವಿರುತ್ತದೆ. ಅದು ಕೆಂಪು ಹಳದಿಗಳನ್ನು ಚೆನ್ನಾಗಿ ಒಳಕ್ಕೆ ಬಿಡುತ್ತದೆ, ನೀಲಿಯನ್ನು ಮಾತ್ರ ಅಲ್ಪಸ್ವಲ್ಪ ಹಿಂದಕ್ಕೆ ಕಳುಹಿಸುತ್ತದೆ. ಚರ್ಮದಲ್ಲಿ ನಡೆಯುವುದು ಬೆಳಕಿನ ಚದುರಿಕೆ, ಫಲಕದಲ್ಲಿ ನಡೆಯುವುದು ತೆಳುಪದರದ ವ್ಯತಿಕರಣ. ಮಾರ್ಗಗಳು ಬೇರೆಯಾದರೂ ಫಲವು ಒಂದೇ: ಕೆಂಪು ಒಳಗೆ ಉಳಿಯಿತು, ನೀಲಿ ಹೊರಗೆ ಬಂದಿತು.

ಶಸ್ತ್ರಕ್ರಿಯೆಯ ದಿನಕ್ಕಿಂತ ಎರಡನೆಯ ಅಥವಾ ಮೂರನೆಯ ದಿನ ಕಲೆಯು ಹೆಚ್ಚಾಗಿ ಕಾಣುವುದಕ್ಕೂ ಇದೇ ವಿವರಣೆ ಸಾಕು. ಬಹಳ ಆಳದಲ್ಲಿರುವ ರಕ್ತವನ್ನು ಕೆಂಪು ಬೆಳಕೂ ಮುಟ್ಟಲಾರದು. ಅದು ನಿಧಾನವಾಗಿ ಮೇಲಣ ಪದರಗಳಿಗೆ ಜಿನುಗಿ ಬಂದ ಮೇಲೆಯೇ ಕಣ್ಣಿಗೆ ಬೀಳುತ್ತದೆ. ಆದುದರಿಂದ ಕಲೆ ಹೆಚ್ಚಿತೆಂಬ ಮಾತ್ರಕ್ಕೆ ಹೊಸದಾಗಿ ರಕ್ತ ಸೋರುತ್ತಿದೆಯೆಂದು ತೀರ್ಮಾನಿಸಬೇಕಾಗಿಲ್ಲ.

ಹಸಿರು, ಹಳದಿ, ಕಂದು

ಹೊರಬಿದ್ದ ರಕ್ತವನ್ನು ಶರೀರವು ಹಾಗೆಯೇ ಬಿಡುವುದಿಲ್ಲ. ಭಕ್ಷಕ ಕಣಗಳೆಂಬ ಬಿಳಿಯ ಕಣಗಳು ಆ ಜಾಗಕ್ಕೆ ಬಂದು ಕೆಂಪು ರಕ್ತಕಣಗಳನ್ನು ನುಂಗತೊಡಗುತ್ತವೆ. ಕೆಂಪು ಕಣದ ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ನಿನಲ್ಲಿ ಹೀಮ್ ಎಂಬ ಉಂಗುರದಂಥ ಅಣುಭಾಗವೂ, ಆ ಉಂಗುರದ ನಡುವೆ ಒಂದು ಕಬ್ಬಿಣದ ಪರಮಾಣುವೂ ಇವೆ. ಭಕ್ಷಕ ಕಣದೊಳಗಿನ ಒಂದು ಕಿಣ್ವವು ಈ ಉಂಗುರವನ್ನು ಒಂದು ಕಡೆ ತುಂಡರಿಸುತ್ತದೆ. ಆಗ ಮೂರು ವಸ್ತುಗಳು ಬೇರ್ಪಡುತ್ತವೆ: ಹಸಿರು ಬಣ್ಣದ ಬಿಲಿವರ್ಡಿನ್, ಕಬ್ಬಿಣ, ಮತ್ತು ಅತ್ಯಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡ್. ಹೊಗೆಯಲ್ಲಿರುವ ವಿಷಾನಿಲವೆಂದು ನಾವು ತಿಳಿದಿರುವ ಈ ಅನಿಲವು ನಮ್ಮ ಮೈಯಲ್ಲಿಯೇ ಪ್ರತಿದಿನವೂ ಸ್ವಲ್ಪ ಸ್ವಲ್ಪವಾಗಿ ಹುಟ್ಟುತ್ತಿರುವುದು ಸೋಜಿಗದ ಸಂಗತಿ.

ಮತ್ತೊಂದು ಕಿಣ್ವವು ಹಸಿರು ಬಿಲಿವರ್ಡಿನ್ನನ್ನು ಹಳದಿಯ ಬಿಲಿರುಬಿನ್ನಾಗಿ ಮಾರ್ಪಡಿಸುತ್ತದೆ. ಕಾಮಾಲೆಯಲ್ಲಿ ಕಣ್ಣನ್ನು ಹಳದಿಯಾಗಿಸುವ ವಸ್ತುವೂ ಇದೇ. ಅದು ನೀಲಿಯ ಬೆಳಕನ್ನು, ಮುಖ್ಯವಾಗಿ ೪೬೦ ನ್ಯಾನೋಮೀಟರಿನ ಸುತ್ತಲಿನದನ್ನು, ಹೀರುವುದರಿಂದ ಉಳಿದ ಬೆಳಕು ಹಳದಿಯಾಗಿ ತೋರುತ್ತದೆ. ಹಳೆಯ ರಕ್ತಸ್ರಾವದ ಜಾಗಗಳಲ್ಲಿ ಇಂಥ ಬಣ್ಣದ ಹರಳುಗಳಿರುವುದನ್ನು ಜರ್ಮನಿಯ ರುಡಾಲ್ಫ್ ವಿರ್ಕೊ ೧೮೪೭ರಲ್ಲಿಯೇ ವರ್ಣಿಸಿದ್ದನು. ಹೀಗೆ ನೀಲಿ, ಹಸಿರು, ಹಳದಿ ಎಂಬ ಕ್ರಮವು ರಾಸಾಯನಿಕ ಕ್ರಿಯೆಯೊಂದರ ಮೆಟ್ಟಿಲುಗಳ ಕ್ರಮ. ಸಾಮಾನ್ಯವಾಗಿ ಮೊದಲ ಮೂರು ನಾಲ್ಕು ದಿನ ನೀಲಿ ಅಥವಾ ನೇರಳೆ, ವಾರದ ಹೊತ್ತಿಗೆ ಹಸಿರಿನ ಛಾಯೆ, ಆಮೇಲೆ ಹಳದಿ. ಎರಡು ಮೂರು ವಾರಗಳಲ್ಲಿ ಎಲ್ಲವೂ ಮಾಯ. ಆದರೆ ಇದು ಗಡಿಯಾರದಂತೆ ನಿಷ್ಕೃಷ್ಟವಾದುದಲ್ಲ. ಒಂದೇ ಕಲೆಯಲ್ಲಿ ಎರಡು ಮೂರು ಬಣ್ಣಗಳು ಒಟ್ಟಿಗೇ ಇರುವುದುಂಟು.

ಉಳಿದ ಕಬ್ಬಿಣದ ಗತಿಯೇನು? ಅದನ್ನು ಶರೀರವು ಜೋಪಾನವಾಗಿ ಎತ್ತಿಟ್ಟುಕೊಳ್ಳುತ್ತದೆ. ಒಂದು ಘನ ಸೆಂಟಿಮೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿರುತ್ತದೆ. ದಿನವೆಲ್ಲ ಉಂಡ ಆಹಾರದಿಂದ ನಾವು ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಆದುದರಿಂದ ಒಳಗೆ ಸೋರಿದ ರಕ್ತದ ಕಬ್ಬಿಣವು ಸಣ್ಣ ಆಸ್ತಿಯೇನಲ್ಲ. ಅದರ ಬಹುಭಾಗವು ಹೊಸ ರಕ್ತದ ತಯಾರಿಕೆಗೆ ಮರಳುತ್ತದೆ. ಕೆಲವೊಮ್ಮೆ ಸ್ವಲ್ಪ ಭಾಗವು ತುಕ್ಕಿನ ಬಣ್ಣದ ಕಣಗಳಾಗಿ ಅಲ್ಲಿಯೇ ಉಳಿದು, ತಿಂಗಳುಗಟ್ಟಲೆ ಒಂದು ಕಂದು ಛಾಯೆಯನ್ನು ತೋರಿಸುತ್ತಿರುವುದುಂಟು.

ಕಲೆಯು ಕೆಳಕ್ಕಿಳಿಯುವುದು

ಸ್ತನದ ಮೇಲ್ಭಾಗದಲ್ಲಿ ಹುಟ್ಟಿದ ಕಲೆಯು ಕೆಲವು ದಿನಗಳಲ್ಲಿ ಅದರ ಕೆಳ ಅಂಚಿಗೆ, ಅಲ್ಲಿಂದ ಪಕ್ಕೆಗೆ, ಒಮ್ಮೊಮ್ಮೆ ಹೊಟ್ಟೆಯ ಮೇಲ್ಭಾಗಕ್ಕೆ ಇಳಿಯುವುದುಂಟು. ಶಸ್ತ್ರವು ತಾಕದ ಜಾಗವೂ ಕಂದಿತೆಂದು ಗಾಬರಿಯಾಗುವವರಿದ್ದಾರೆ. ಇದು ಗುರುತ್ವಾಕರ್ಷಣೆಯ ಕೆಲಸ. ಚರ್ಮದ ಕೆಳಗಿನ ಕೊಬ್ಬು ನೀರಿನಲ್ಲಿ ನೆನೆದ ಮರಳಿನಂತೆ, ಸಂದುಗಳಿಂದ ತುಂಬಿದೆ. ಹೊರಬಿದ್ದ ದ್ರವವು ಆ ಸಂದುಗಳ ಮೂಲಕ ಇಳಿಜಾರಿನ ಕಡೆಗೆ ಹರಿಯುತ್ತದೆ. ದಿಂಬಿಗೆ ಒರಗಿ, ತಲೆ ಎದೆಗಳನ್ನು ಸ್ವಲ್ಪ ಎತ್ತರದಲ್ಲಿರಿಸಿ ಮಲಗುವಂತೆ ವೈದ್ಯರು ಹೇಳುವುದರ ಉದ್ದೇಶವೂ ನಾಳಗಳೊಳಗಿನ ಒತ್ತಡವನ್ನು ತಗ್ಗಿಸಿ ಊತವನ್ನು ಇಳಿಸುವುದೇ ಆಗಿದೆ.

ಅಣುಗಳ ವಿಸರಣೆಗೆ ಇನ್ನೊಂದು ನಿಯಮವಿದೆ. ತಮ್ಮಷ್ಟಕ್ಕೆ ಹರಡುವ ಅಣುಗಳು ಎರಡರಷ್ಟು ದೂರ ಹೋಗಲು ಎರಡರಷ್ಟು ಕಾಲವಲ್ಲ, ನಾಲ್ಕರಷ್ಟು ಕಾಲ ಬೇಕು. ಹತ್ತರಷ್ಟು ದೂರಕ್ಕೆ ನೂರರಷ್ಟು ಕಾಲ. ಆದುದರಿಂದಲೇ ತೆಳುವಾದ ಕಲೆ ಬೇಗ ತೊಲಗುತ್ತದೆ, ದಪ್ಪವಾದುದು ಬಹಳ ದಿನ ನಿಲ್ಲುತ್ತದೆ. ಶುಚಿಕಾರ್ಯವು ಅಂಚಿನಿಂದ ಒಳಕ್ಕೆ ಸಾಗುವುದರಿಂದ ನಡುವೆ ನೀಲಿಯಿರುವಾಗಲೇ ಸುತ್ತಲೂ ಹಳದಿಯ ಅಂಚು ಮೂಡುತ್ತದೆ.

ಶಸ್ತ್ರಕ್ರಿಯೆಯ ಅನಂತರ ತೊಡಿಸುವ ಬಿಗಿಯಾದ ಒಳ ಉಡುಪಿಗೂ ಭೌತಶಾಸ್ತ್ರದ ಆಧಾರವಿದೆ. ಹೊರಗಿನ ಒತ್ತಡವು ಒಳಗೆ ಟೊಳ್ಳಾಗಿ ಉಳಿದ ಜಾಗವನ್ನು ಮುಚ್ಚಿ, ದ್ರವ ಸೇರದಂತೆ ಮಾಡುತ್ತದೆ. ಬಾಗಿದ ಮೇಲ್ಮೈಯನ್ನು ಸುತ್ತಿದ ಬಟ್ಟೆಯ ಒತ್ತಡವು ಬಟ್ಟೆಯ ಎಳೆತಕ್ಕೆ ಅನುಲೋಮವಾಗಿಯೂ ಬಾಗಿನ ತ್ರಿಜ್ಯಕ್ಕೆ ವಿಲೋಮವಾಗಿಯೂ ಇರುವುದೆಂದು ಲಾಪ್ಲಾಸನ ನಿಯಮವು ಹೇಳುತ್ತದೆ. ಎಂದರೆ ಹೆಚ್ಚು ಬಾಗಿರುವ ಕಡೆ ಒತ್ತಡ ಹೆಚ್ಚು. ಚಪ್ಪಟೆಯಾದ ಎದೆಮೂಳೆಯ ಮೇಲೆ ಒತ್ತಡವು ಬಹುಮಟ್ಟಿಗೆ ಇಲ್ಲವೇ ಇಲ್ಲ. ಅಂಥ ಕಡೆ ಹತ್ತಿಯ ಮೆತ್ತೆಯನ್ನಿಟ್ಟು ಕಟ್ಟುವುದು ಈ ಕಾರಣದಿಂದ. ಹೆಚ್ಚು ಬಿಗಿದಷ್ಟೂ ಒಳ್ಳೆಯದೆಂದು ತಿಳಿಯುವುದು ತಪ್ಪು. ಲೋಮನಾಳಗಳೊಳಗಿನ ಒತ್ತಡವೇ ಬಹಳ ಕಡಮೆ. ಅದನ್ನು ಮೀರಿ ಬಿಗಿದರೆ ಚರ್ಮಕ್ಕೆ ರಕ್ತವೇ ದೊರೆಯದೆ ಅದು ಸತ್ತುಹೋಗಬಹುದು.

ನಮ್ಮ ಬಣ್ಣದ ಚರ್ಮವನ್ನು ಓದುವುದು

ಇದುವರೆಗೆ ಹೇಳಿದ ನೀಲಿ, ಹಸಿರು, ಹಳದಿಗಳ ವರ್ಣನೆಯು ಬಹುಮಟ್ಟಿಗೆ ಬಿಳಿಯ ಚರ್ಮದ ಜನರನ್ನು ನೋಡಿ ಬರೆದುದು. ನಮ್ಮ ನಾಡಿನ ಬಹುಮಂದಿಯ ಚರ್ಮದ ಮೇಲ್ಪದರದಲ್ಲಿ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವು ಹೆಚ್ಚಾಗಿದೆ. ಕೆಳಗಿನ ಬಣ್ಣಗಳನ್ನೆಲ್ಲ ನಾವು ಈ ತೆರೆಯ ಮೂಲಕ ನೋಡಬೇಕು. ಬೆಳಕು ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಇನ್ನೊಮ್ಮೆ, ಹೀಗೆ ಎರಡು ಸಲ ಅದನ್ನು ದಾಟುತ್ತದೆ. ಇದರಿಂದ ಹಳದಿ ಹಸಿರುಗಳು ಮಸುಕಾಗುತ್ತವೆ. ಕಲೆಯು ಬರಿಯ ಕಪ್ಪು ಅಥವಾ ಕಡುನೇರಳೆಯಾಗಿ ಕಾಣುತ್ತದೆ. ಅದಕ್ಕಿಂತ ಮುಖ್ಯವಾದುದೆಂದರೆ, ನಂಜಿನ ಮೊದಲ ಗುರುತೆಂದು ಪುಸ್ತಕಗಳು ಹೇಳುವ ಕೆಂಪು ಬಣ್ಣವು ಇಂಥ ಚರ್ಮದಲ್ಲಿ ಕಾಣದೆ ಹೋಗಬಹುದು.

ಬೆಳಕನ್ನು ಓದುವ ಯಂತ್ರಗಳೂ ಈ ತೊಡಕಿನಿಂದ ಪಾರಾಗಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರನ್ನು ವಾಚಕರು ಬಲ್ಲರು. ಬೆರಳಿನ ಮೂಲಕ ಸುಮಾರು ೬೬೦ ಮತ್ತು ೯೪೦ ನ್ಯಾನೋಮೀಟರಿನ ಎರಡು ಬೆಳಕುಗಳನ್ನು ಹಾಯಿಸಿ, ಅವುಗಳ ಹೀರಿಕೆಯನ್ನು ಹೋಲಿಸಿ, ಅದು ರಕ್ತದ ಆಮ್ಲಜನಕವನ್ನು ತಿಳಿಸುತ್ತದೆ. ೨೦೨೦ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರಿಶೀಲನೆಯು, ಆಮ್ಲಜನಕದ ಕೊರತೆಯನ್ನು ಈ ಉಪಕರಣವು ಕಾಣದೆ ಬಿಟ್ಟ ಪ್ರಸಂಗಗಳು ಬಿಳಿಯರಿಗಿಂತ ಕರಿಯ ರೋಗಿಗಳಲ್ಲಿ ಸುಮಾರು ಮೂರರಷ್ಟಿದ್ದುವೆಂದು ತೋರಿಸಿತು. ಯಂತ್ರವೇ ಎಡವುವಲ್ಲಿ ಬರಿಗಣ್ಣನ್ನು ಮಾತ್ರ ನಂಬುವುದು ಸರಿಯಲ್ಲ.

ಆದುದರಿಂದ ಬಣ್ಣದೊಂದಿಗೆ ಸ್ಪರ್ಶವನ್ನೂ ಹೋಲಿಕೆಯನ್ನೂ ಬಳಸಬೇಕು. ಎರಡು ಪಕ್ಕಗಳಿರುವುದು ಇಲ್ಲಿ ಒಂದು ಅನುಕೂಲ: ಒಂದನ್ನು ಇನ್ನೊಂದರೊಡನೆ ಹೋಲಿಸಬಹುದು. ಎರಡೂ ಕಡೆ ಸ್ವಲ್ಪ ಊತ, ಸ್ವಲ್ಪ ಕಪ್ಪು, ದಿನದಿನಕ್ಕೆ ಇಳಿಯುವ ನೋವು ಇವು ಸಹಜ. ಒಂದು ಪಕ್ಕ ಮಾತ್ರ ಬೇಗಬೇಗ ಉಬ್ಬಿ, ಬಿಗಿದು ಗಟ್ಟಿಯಾಗಿ, ನೋವು ಏರುತ್ತ ಹೋದರೆ ಒಳಗೆ ರಕ್ತವು ಗಡ್ಡೆಯಾಗಿ ಸೇರುತ್ತಿದೆಯೆಂದು ಶಂಕಿಸಬೇಕು. ಹೆಚ್ಚಾಗಿ ಇದು ಮೊದಲ ಒಂದೆರಡು ದಿನಗಳಲ್ಲಿಯೇ ಸಂಭವಿಸುತ್ತದೆ. ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕೆಲವು ದಿನಗಳ ಅನಂತರ ಜ್ವರ, ಮುಟ್ಟಿದರೆ ಬಿಸಿ, ಹಬ್ಬುತ್ತಿರುವ ಊತ, ಕೀವು, ದುರ್ವಾಸನೆ ಇವು ನಂಜಿನ ಗುರುತು. ಹೊಲಿಗೆಯ ಅಂಚು ಕಪ್ಪಾಗಿ ತಣ್ಣಗಾದರೆ ಆ ಚರ್ಮಕ್ಕೆ ರಕ್ತ ದೊರೆಯುತ್ತಿಲ್ಲವೆಂದರ್ಥ. ಒಂದು ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು, ಇದ್ದಕ್ಕಿದ್ದಂತೆ ಉಸಿರುಗಟ್ಟುವುದು, ಎದೆನೋವು ಇವು ಕಾಲಿನ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರುವುದರ ಲಕ್ಷಣಗಳಾಗಿರಬಹುದು. ಬಸ್ಸಿನಲ್ಲಾಗಲಿ ಕಾರಿನಲ್ಲಾಗಲಿ ಗಂಟೆಗಟ್ಟಲೆ ಕಾಲು ಮಡಿಸಿ ಕುಳಿತು ಊರಿಗೆ ಹಿಂದಿರುಗುವವರು ನಡುನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಇದಕ್ಕಾಗಿಯೇ ಅವಶ್ಯಕ. ರೂಪಕ್ಕಾಗಿ ಮಾಡಿದ ಶಸ್ತ್ರಕ್ರಿಯೆಯೂ ಶಸ್ತ್ರಕ್ರಿಯೆಯೇ. ೨೦೨೨ರ ಮೇ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಯ ಬೆನ್ನಲ್ಲೇ ಕಿರುತೆರೆಯ ಯುವ ನಟಿಯೊಬ್ಬರು ಮೃತಪಟ್ಟ ಸುದ್ದಿಯನ್ನು ಅನೇಕರು ಓದಿರಬಹುದು.

ಹೊಸ ಚರ್ಮದ ನೆಯ್ಗೆ

ಕಲೆ ಕರಗುವುದು ಒಂದು ಕಾರ್ಯ, ಗಾಯ ಕೂಡುವುದು ಇನ್ನೊಂದು. ಮೊದಲ ನಾಲ್ಕೈದು ದಿನ ಶರೀರವು ಕಸವನ್ನು ಗುಡಿಸುತ್ತದೆ. ಊತ, ಬಿಸಿ, ನೋವು ಆ ಕೆಲಸದ ಲಕ್ಷಣಗಳು. ಅನಂತರ ಸುಮಾರು ಮೂರನೆಯ ವಾರದವರೆಗೆ ಹೊಸ ಲೋಮನಾಳಗಳು ಚಿಗುರುತ್ತವೆ, ಕೊಲ್ಲಾಜನ್ ಎಂಬ ಗಟ್ಟಿಯಾದ ನಾರು ತಯಾರಾಗುತ್ತದೆ. ಆಮೇಲೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ, ಅವಸರದಲ್ಲಿ ಹೆಣೆದ ಆ ನಾರುಗಳನ್ನು ಬಿಚ್ಚಿ, ಎಳೆತದ ದಿಕ್ಕಿಗೆ ಹೊಂದುವಂತೆ ಮತ್ತೆ ಹೆಣೆಯುವ ಕೆಲಸ ನಡೆಯುತ್ತದೆ.

ಈ ಕಾಲಕ್ರಮವನ್ನು ನಮ್ಮ ನಾಡಿನ ಕುಶಲಿಗಳು ಅನುಭವದಿಂದ ಬಲ್ಲವರಾಗಿದ್ದರೆಂಬುದಕ್ಕೆ ಒಂದು ಪ್ರಸಿದ್ಧ ಸಾಕ್ಷ್ಯವಿದೆ. ೧೭೯೨ರ ಮೈಸೂರು ಯುದ್ಧದಲ್ಲಿ ಕವಾಸ್‌ಜಿ ಎಂಬ ಮರಾಠಾ ಎತ್ತುಗಾರನು ಇಂಗ್ಲಿಷರ ಸೈನ್ಯದೊಡನಿದ್ದು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಮುಂದೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನ ಹಣೆಯ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಸಣ್ಣ ತೊಟ್ಟನ್ನು ಉಳಿಸಿಕೊಂಡು, ಅದನ್ನು ಕೆಳಕ್ಕೆ ತಿರುಗಿಸಿ ಹೊಸ ಮೂಗನ್ನು ರಚಿಸಿದನು. ೧೭೯೪ರ ಅಕ್ಟೋಬರಿನಲ್ಲಿ ಲಂಡನ್ನಿನ ಪತ್ರಿಕೆಯೊಂದು ಇದರ ವಿವರವನ್ನು ಅಚ್ಚುಹಾಕಿತು. ಜೋಡಿಸಿದ ಜಾಗಕ್ಕೆ ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗಳ ಮೇಲೆ ಬಳಿದು ಹಾಕಿ ನಾಲ್ಕು ದಿನ ಹಾಗೆಯೇ ಬಿಡುತ್ತಿದ್ದರು. ರೋಗಿಯನ್ನು ಐದಾರು ದಿನ ಅಂಗಾತ ಮಲಗಿಸುತ್ತಿದ್ದರು. ತೊಟ್ಟನ್ನು ಕತ್ತರಿಸುತ್ತಿದ್ದುದು ಸುಮಾರು ೨೫ನೆಯ ದಿನ. ಅಷ್ಟು ಹೊತ್ತಿಗೆ ಹೊಸ ಜಾಗದಿಂದ ರಕ್ತನಾಳಗಳು ಬೆಳೆದು ಬಂದು, ಹಳೆಯ ತೊಟ್ಟಿನ ಹಂಗು ತಪ್ಪಿರುತ್ತದೆ. ಇಂದಿನ ಶಸ್ತ್ರವೈದ್ಯರೂ ಇಂಥ ತೊಟ್ಟನ್ನು ಕತ್ತರಿಸಲು ಸುಮಾರು ಮೂರು ವಾರ ಕಾಯುತ್ತಾರೆ. ಈ ವರದಿಯನ್ನು ಓದಿದ ಲಂಡನ್ನಿನ ಕಾರ್ಪ್ಯೂ ೧೮೧೪ರಲ್ಲಿ ಅದೇ ಕ್ರಮವನ್ನು ಪ್ರಯೋಗಿಸಿದನು. ಆಧುನಿಕ ಸುರೂಪ ಶಸ್ತ್ರಕ್ರಿಯೆಯ ಚರಿತ್ರೆಯು ಇಲ್ಲಿಂದ ಬೆಳೆಯಿತು. ಸ್ತನದ ಮಟ್ಟಿಗೆ, ಹೈಡಲ್‌ಬರ್ಗಿನ ಚೆರ್ನಿ ೧೮೯೫ರಲ್ಲಿ ರೋಗಿಯ ಮೈಯಿಂದಲೇ ತೆಗೆದ ಕೊಬ್ಬಿನ ಗಡ್ಡೆಯನ್ನು ಬಳಸಿದುದೂ, ೧೯೬೨ರಲ್ಲಿ ಅಮೆರಿಕದಲ್ಲಿ ಮೊದಲ ಸಿಲಿಕೋನ್ ಚೀಲವನ್ನು ಇರಿಸಿದುದೂ ಮುಂದಿನ ಮೈಲಿಗಲ್ಲುಗಳು.

ಹೊರಗೆ ಕೂಡಿದಂತೆ ಕಾಣುವ ಗಾಯವು ಒಳಗೆ ಎಷ್ಟು ಗಟ್ಟಿಯಾಗಿದೆ? ಒಂದು ವಾರದ ಕೊನೆಗೆ ಅದರ ಬಲವು ಮೊದಲಿನ ಚರ್ಮದ ಬಲದಲ್ಲಿ ನೂರಕ್ಕೆ 
ಹತ್ತನ್ನೂ ಮೀರಿರುವುದಿಲ್ಲ. ಮೂರು ವಾರಗಳಿಗೆ ಸುಮಾರು ಕಾಲು ಭಾಗ. ಮೂರು ತಿಂಗಳಿಗೆ ನೂರಕ್ಕೆ ಎಂಬತ್ತು. ಪೂರ್ಣ ಬಲವು ಎಂದಿಗೂ ಬರುವುದಿಲ್ಲ. ನೋವು ಹೋಯಿತೆಂದು ಎರಡನೆಯ ವಾರದಲ್ಲಿಯೇ ನೀರಿನ ಕೊಡವನ್ನು ಎತ್ತುವುದಾಗಲಿ, ಬಾವಿಯಿಂದ ಸೇದುವುದಾಗಲಿ ಏಕೆ ಕೂಡದೆಂಬುದನ್ನು ಈ ಅಂಕಿಗಳೇ ಹೇಳುತ್ತವೆ.

ಕಲೆಗಟ್ಟಿದ ಗಾಯವು ಜೀವಂತ ವಸ್ತುವೆಂಬುದಕ್ಕೆ ಒಂದು ವಿಚಿತ್ರ ನಿದರ್ಶನವಿದೆ. ೧೭೪೦ರಲ್ಲಿ ಇಂಗ್ಲೆಂಡಿನಿಂದ ಹೊರಟ ಆನ್ಸನ್ನನ ನೌಕಾಯಾತ್ರೆಯಲ್ಲಿ ತಾಜಾ ಹಣ್ಣು ತರಕಾರಿಗಳಿಲ್ಲದೆ ನಾವಿಕರಿಗೆ ಸ್ಕರ್ವಿ ರೋಗ ತಗುಲಿತು. ಅವರಲ್ಲಿ ಒಬ್ಬ ಮುದುಕನಿಗೆ ಐವತ್ತು ವರ್ಷಗಳ ಹಿಂದೆ ಯುದ್ಧದಲ್ಲಿ ಆಗಿ, ಎಂದೋ ಮಾಯ್ದಿದ್ದ ಗಾಯಗಳು ಮತ್ತೆ ಬಾಯಿ ಬಿಟ್ಟುವು! ಗಾಯದ ಕೊಲ್ಲಾಜನ್ ಸದಾ ಸವೆಯುತ್ತ, ಸದಾ ಹೊಸದಾಗುತ್ತ ಇರುತ್ತದೆ. ಹೊಸದನ್ನು ಹೆಣೆಯಲು ‘ಸಿ’ ಜೀವಸತ್ತ್ವ ಬೇಕು. ಅದು ನಿಂತರೆ ಸವೆತ ಮಾತ್ರ ಉಳಿಯುತ್ತದೆ.

ಮನೆಯಲ್ಲಿ ಗಮನಿಸಬೇಕಾದುದು

ಇದರಿಂದ ಆರೈಕೆಯ ನಿಯಮಗಳು ತಾವಾಗಿಯೇ ಹೊರಡುತ್ತವೆ. ನಾರು ನೆಯ್ಯಲು ಸಸಾರಜನಕ ಬೇಕು: ಪಾವಗಡ ಶಿರಾಗಳ ಹೊಲಗಳಲ್ಲಿ ಬೆಳೆಯುವ ಕಡಲೆಕಾಯಿ, ಹುರುಳಿ, ತೊಗರಿ ಇವೇ ಸಾಕಷ್ಟು ಒದಗಿಸುತ್ತವೆ, ಹಾಲು ಮೊಟ್ಟೆಗಳಿದ್ದರೆ ಇನ್ನೂ ಒಳ್ಳೆಯದು. ‘ಸಿ’ ಜೀವಸತ್ತ್ವಕ್ಕೆ ನೆಲ್ಲಿಕಾಯಿ, ಸೀಬೆ, ನಿಂಬೆಗಳಿವೆ. ಗಾಯ ಕೀವಾಗುವುದೆಂದು ಬೇಳೆಕಾಳುಗಳನ್ನು ಬಿಡಿಸಿ ಬರಿಯ ಗಂಜಿ ಕೊಡುವ ಪಥ್ಯವು ಮಾಯುವ ಕೆಲಸಕ್ಕೆ ಬೇಕಾದ ಸಾಮಗ್ರಿಯನ್ನೇ ತಡೆಯುತ್ತದೆ. ರಕ್ತಹೀನತೆಯಿದ್ದರೆ ಶಸ್ತ್ರಕ್ರಿಯೆಗೆ ಮೊದಲೇ ಅದನ್ನು ಸರಿಪಡಿಸಿಕೊಳ್ಳಬೇಕು.

ಬೀಡಿ ಸಿಗರೇಟುಗಳ ನಿಕೋಟಿನ್ ಚರ್ಮದ ನಾಳಗಳನ್ನು ಸಂಕೋಚಗೊಳಿಸುತ್ತದೆ. ಅವುಗಳ ಹೊಗೆಯ ಕಾರ್ಬನ್ ಮಾನಾಕ್ಸೈಡು ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ಎಲೆಯಡಕೆಯೊಡನೆ ಅಗಿಯುವ ಹೊಗೆಸೊಪ್ಪಿನಲ್ಲಿಯೂ ನಿಕೋಟಿನ್ ಉಂಟು. ಶಸ್ತ್ರಕ್ರಿಯೆಗೆ ನಾಲ್ಕು ವಾರ ಮೊದಲೇ ಇವನ್ನು ನಿಲ್ಲಿಸಬೇಕು. ಆಸ್ಪಿರಿನ್ನಿನಿಂದ ನಿಷ್ಕ್ರಿಯವಾದ ಕಿರುತಟ್ಟೆಗಳು ತಮ್ಮ ಆಯುಷ್ಯವಿಡೀ, ಎಂದರೆ ವಾರದಿಂದ ಹತ್ತು ದಿನದವರೆಗೆ, ಹಾಗೆಯೇ ಉಳಿಯುತ್ತವೆ. ಆದುದರಿಂದ ತೆಗೆದುಕೊಳ್ಳುತ್ತಿರುವ ಔಷಧಗಳನ್ನೆಲ್ಲ, ನಾಟಿ ಔಷಧಗಳನ್ನೂ ಸೇರಿಸಿ, ವೈದ್ಯರಿಗೆ ಮೊದಲೇ ತಿಳಿಸಬೇಕು. ಹೃದಯರೋಗಕ್ಕೆಂದು ಕೊಟ್ಟುದನ್ನು ತಾವಾಗಿಯೇ ನಿಲ್ಲಿಸಬಾರದು.

ಮೂಗೇಟಿಗೆ ಎಣ್ಣೆ ತಿಕ್ಕಿ ಶಾಖ ಕೊಡುವುದು ನಮ್ಮಲ್ಲಿ ವಾಡಿಕೆ. ಶಸ್ತ್ರಕ್ರಿಯೆಯ ಗಾಯಕ್ಕೆ ಇದು ಸಲ್ಲದು. ತಿಕ್ಕಿದರೆ ಆಗತಾನೆ ಮುಚ್ಚಿದ ನಾಳಗಳು ಮತ್ತೆ ತೆರೆಯುತ್ತವೆ. ಶಾಖದಿಂದ ನಾಳಗಳು ಹಿಗ್ಗಿ ಸೋರಿಕೆ ಹೆಚ್ಚುತ್ತದೆ. ಇದಲ್ಲದೆ ಸ್ಪರ್ಶದ ನರಗಳು ಕತ್ತರಿಸಿರುವುದರಿಂದ ಆ ಚರ್ಮಕ್ಕೆ ತಿಂಗಳುಗಟ್ಟಲೆ ಅರಿವು ಕಡಮೆಯಿರುತ್ತದೆ. ಬಿಸಿನೀರಿನ ಚೀಲವಾಗಲಿ ಮಂಜುಗಡ್ಡೆಯಾಗಲಿ ಸುಟ್ಟದ್ದೇ ರೋಗಿಗೆ ತಿಳಿಯುವುದಿಲ್ಲ. ಹೊಲಿಗೆಯ ಮೇಲೆ ಅರಿಶಿನ, ಸುಣ್ಣ, ಸೊಪ್ಪಿನ ರಸಗಳನ್ನು ಹಚ್ಚುವುದರಿಂದ ನಂಜು ಸೇರಬಹುದು. ಬಣ್ಣದ ಲೇಪವು ಗಮನಿಸಬೇಕಾದ ಗುರುತುಗಳನ್ನೂ ಮುಚ್ಚಿಬಿಡುತ್ತದೆ.

ವಳ್ಳೂರಿನಲ್ಲಿ ವಿದ್ಯುತ್ತಾಗುವ ಬಿಸಿಲು ಹೊಸ ಗಾಯದ ಗುರುತಿಗೆ ಮಿತ್ರನಲ್ಲ. ಎಳೆಯ ಚರ್ಮವು ಬಿಸಿಲಿಗೆ ಹೆಚ್ಚು ಮೆಲನಿನ್ ತಯಾರಿಸಿ ಬಹುಕಾಲ ಕಪ್ಪಾಗಿ ಉಳಿಯುತ್ತದೆ. ಒಂದು ವರ್ಷ ಕಾಲ ಅದನ್ನು ಬಟ್ಟೆಯಿಂದ ಮರೆಮಾಡುವುದು ಲೇಸು. ಕಪ್ಪು ಚರ್ಮದವರಲ್ಲಿ, ಅದರಲ್ಲಿಯೂ ಎದೆಮೂಳೆಯ ಬಳಿ, ಗುರುತು ತನ್ನ ಎಲ್ಲೆಯನ್ನು ಮೀರಿ ಗಂಟಾಗಿ ಬೆಳೆಯುವ ಕೆಲಾಯ್ಡ್ ಎಂಬ ದೋಷವು ಹೆಚ್ಚು. ಮನೆಯವರಲ್ಲಿ ಯಾರಿಗಾದರೂ ಅದಿದ್ದರೆ ಶಸ್ತ್ರಕ್ರಿಯೆಗೆ ಒಪ್ಪುವ ಮೊದಲೇ ಹೇಳಬೇಕು.

ಮೂಗೇಟು ಮೂಕವೆಂದು ನಮ್ಮ ಹಿರಿಯರು ಹೆಸರಿಟ್ಟರು. ಆದರೆ ಬೆಳಕಿನ ನಿಯಮವನ್ನೂ ರಕ್ತದ ರಸಾಯನವನ್ನೂ ಅರಿತವರಿಗೆ ಅದು ಪ್ರತಿದಿನವೂ ತನ್ನ ಸ್ಥಿತಿಯನ್ನು ತಿಳಿಸುತ್ತಿರುತ್ತದೆ. ಅಗಲವಾದ ಕಪ್ಪನ್ನು ಕಂಡು ಅಂಜದೆ, ಒಂದೇ ಕಡೆ ಏರುವ ಉಬ್ಬನ್ನು ಕಂಡು ಅಲಕ್ಷಿಸದೆ ಇರುವಷ್ಟು ತಿಳಿವಳಿಕೆ ಮನೆಯಲ್ಲಿ ಒಬ್ಬರಿಗಿದ್ದರೂ ಸಾಕು. ರೋಗಿಯು ಅನಾವಶ್ಯಕವಾದ ಭಯದಿಂದಲೂ, ತಡವಾಗಿ ಹೊರಡುವ ಅಪಾಯದಿಂದಲೂ ಪಾರಾಗುತ್ತಾಳೆ.